ಚೆಕ್‌ರೋಲ್ ಆ್ಯಪ್ ಬರೆಯಲು ಯಾವ ಎಐ ಸಹಾಯಕ?

ಪ್ರಶ್ನೆ: ಗೋಣಿಕೊಪ್ಪಲಿನಲ್ಲಿ ಮೂವರು ಸೇರಿ ಸಣ್ಣ ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೇವೆ. ಕಾಫಿ ತೋಟಗಳ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಮತ್ತು ಕಾಫಿ ಖರೀದಿ ಲೆಕ್ಕಕ್ಕೆ ನಮ್ಮದೇ ಆ್ಯಪ್ ಇದೆ. ಜೊತೆಗೆ ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಕಾಂಟ್ರಾಕ್ಟ್ ಮೇಲೆ ಮಾಡುತ್ತೇವೆ. ನನಗೆ ಹನ್ನೊಂದು ವರ್ಷದ ಅನುಭವ, ಇನ್ನೊಬ್ಬರಿಗೆ ಐದು. ಮೂರನೆಯ ಹುಡುಗಿ ಈ ವರ್ಷವಷ್ಟೇ ಇಂಜಿನಿಯರಿಂಗ್ ಮುಗಿಸಿ ಬಂದವಳು. ಕೋಪೈಲಟ್, ಕರ್ಸರ್, ಕ್ಲಾಡ್ ಕೋಡ್ ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು? ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಓಡುವ ಮಾಡೆಲ್ ಹಾಕಿಕೊಂಡರೆ ಸಾಕೇ? ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಅಗ್ಗವಂತೆ, ಕಟ್ಟಲೇ?

ಉತ್ತರ: ನೀವು ಹೆಸರಿಸಿದ ಮೂರೂ ಹುಟ್ಟಿದ್ದು ಬೇರೆ ಬೇರೆ ಕೆಲಸಕ್ಕೆ. ಗಿಟ್‌ಹಬ್ ಕೋಪೈಲಟ್ 2021ರ ಜೂನ್‌ನಲ್ಲಿ ಪ್ರಯೋಗಕ್ಕೆಂದು ಬಂದು, ಮರುವರ್ಷ ಎಲ್ಲರ ಕೈಗೆ ಸಿಕ್ಕಿತು. ಆಗ ಅದರ ಕಸುಬು ಒಂದೇ: ನೀವು ಟೈಪ್ ಮಾಡುತ್ತಿರುವ ಸಾಲಿನ ಮುಂದಿನದನ್ನು ಬೂದು ಅಕ್ಷರದಲ್ಲಿ ತೋರಿಸುವುದು. ಒಪ್ಪಿಗೆಯಾದರೆ ಟ್ಯಾಬ್ ಒತ್ತಬೇಕು, ಇಲ್ಲದಿದ್ದರೆ ನಿಮ್ಮ ಪಾಡಿಗೆ ಟೈಪ್ ಮಾಡುತ್ತ ಹೋಗಬೇಕು. ಕರ್ಸರ್ ಅಂದರೆ ಇಡೀ ಎಡಿಟರೇ. ವಿಎಸ್ ಕೋಡ್‌ನ ಓಪನ್ ಸೋರ್ಸ್ ಕೋಡ್ ತೆಗೆದುಕೊಂಡು ಅದರ ಒಳಗೆಲ್ಲ ಎಐ ಸೇರಿಸಿ ಕಟ್ಟಿದ್ದು. ಕ್ಲಾಡ್ ಕೋಡ್ 2025ರ ಫೆಬ್ರವರಿಯಲ್ಲಿ ಬಂದಾಗ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಕೂತು ಕೆಲಸ ಮಾಡುವ ಏಜೆಂಟ್ ಆಗಿತ್ತು. ‘ಈ ಬಗ್ ಸರಿಮಾಡು’ ಅಂದರೆ ತಾನೇ ಫೈಲು ಹುಡುಕಿ, ತಿದ್ದಿ, ಟೆಸ್ಟ್ ಓಡಿಸಿ, ಆಗದಿದ್ದರೆ ಮತ್ತೆ ತಿದ್ದುತ್ತದೆ. ಈಗ ಇವುಗಳ ನಡುವಿನ ಬೇಲಿ ಬಿದ್ದುಹೋಗಿದೆ. ಕೋಪೈಲಟ್‌ನಲ್ಲೂ ಏಜೆಂಟ್ ಇದೆ, ಕ್ಲಾಡ್ ಕೋಡ್ ಎಡಿಟರ್ ಒಳಗೂ ಬರುತ್ತದೆ. ಯಾವುದರಲ್ಲಿ ಏನಿದೆ ಎಂಬ ಪಟ್ಟಿ ಮಾಡಿಕೊಂಡು ಕೂತರೆ, ಕಾಫಿ ಹೂ ಬಿಟ್ಟಾಗ ಮಾಡಿದ ಪಟ್ಟಿ ಕಾಯಿ ಕಟ್ಟುವಷ್ಟರಲ್ಲಿ ಹಳತಾಗಿರುತ್ತದೆ.

ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಒಂದು ಸಲಕ್ಕೆ ಅದು ನಿಮ್ಮ ಮುಂದೆ ಎಷ್ಟು ಕೋಡ್ ಸುರಿಯುತ್ತದೆ? ಅಷ್ಟನ್ನೂ ಓದಿ ‘ಇದು ತಪ್ಪು’ ಅನ್ನುವ ತಾಕತ್ತು ಆ ಕುರ್ಚಿಯಲ್ಲಿ ಕೂತವರಿಗೆ ಇದೆಯೇ? ಬೂದು ಅಕ್ಷರದ ಸಲಹೆ ಎರಡು ಸಾಲು, ಹೆಚ್ಚೆಂದರೆ ಹತ್ತು. ಕಣ್ಣಾಡಿಸಿದರೆ ಸಾಕು. ಚಾಟ್‌ನಲ್ಲಿ ಕೇಳಿ ಬರೆಸಿದರೆ ಒಂದು ಫಂಕ್ಷನ್. ಏಜೆಂಟ್ ಆದರೆ ಏಳೆಂಟು ಫೈಲಿನಲ್ಲಿ ಐನೂರು ಸಾಲು, ಅದೂ ನೀವು ಕಾಫಿ ಕುಡಿದು ಬರುವಷ್ಟರಲ್ಲಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಸಿದ್ದಾಪುರದ ಕಡೆ ಕಾಫಿ ಖರೀದಿ ಮಾಡುವ ಪರಿಚಯದವರೊಬ್ಬರಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ರೊಬಸ್ಟಾ ಚೆರಿಯ ಲೆಕ್ಕ ನಿಮಗೆ ಗೊತ್ತೇ ಇದೆ, ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ. ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, 50 ಕೆಜಿ ಮೂಟೆಯನ್ನು ಹಲ್ ಮಾಡಿ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಕ್ಲೀನ್ ಕಾಫಿ ಸಿಗುತ್ತದೋ ಅದು ಔಟ್‌ಟರ್ನ್, ನಮ್ಮವರ ಬಾಯಲ್ಲಿ ಓಟಿ. ಓಟಿ 27 ಅಂದರೆ ಆ ಮೂಟೆಯಲ್ಲಿ 27 ಕೆಜಿ. ವ್ಯಾಪಾರಿ ಒಂದು ಓಟಿಗೆ ಇಷ್ಟು ರೂಪಾಯಿ ಎಂದು ದರ ಹೇಳುತ್ತಾನೆ. ದರ 400 ಎಂದಿಟ್ಟುಕೊಂಡರೆ 27ನ್ನು 400ರಿಂದ ಗುಣಿಸಿ, ಮೂಟೆಗೆ 10,800.

ಈ ವಿವರ ಯಾವುದನ್ನೂ ಹೇಳದೆ, ಔಟ್‌ಟರ್ನ್ ಮೇಲೆ ಬಿಲ್ ಲೆಕ್ಕ ಹಾಕುವ ಭಾಗ ಬರೆ ಎಂದು ಏಜೆಂಟ್‌ಗೆ ಒಪ್ಪಿಸಿದೆ. ಅದು ಚೆಂದವಾಗಿ ಬರೆಯಿತು. ಹೆಸರುಗಳು ಸ್ವಚ್ಛ, ಕಾಮೆಂಟು ಅಚ್ಚುಕಟ್ಟು, ಹದಿನಾಲ್ಕು ಟೆಸ್ಟು, ಹದಿನಾಲ್ಕೂ ಹಸಿರು. ಆದರೆ ಔಟ್‌ಟರ್ನ್ ಎಂಬ ಪದ ನೋಡಿ ಅದು ಶೇಕಡಾವಾರು ಎಂದುಕೊಂಡಿತ್ತು. 50 ಕೆಜಿಯಲ್ಲಿ ಶೇ 27 ಅಂದರೆ ಹದಿಮೂರುವರೆ ಕೆಜಿ, ಮೂಟೆಗೆ 5,400. ನಲವತ್ತು ಮೂಟೆ ಹಾಕಿದವನಿಗೆ 4,32,000ದ ಬದಲು 2,16,000. ಟೆಸ್ಟು ಯಾಕೆ ಹಿಡಿಯಲಿಲ್ಲ ಅಂದರೆ, ಟೆಸ್ಟು ಬರೆದದ್ದೂ ಅದೇ ಅಲ್ಲವೇ. ತಪ್ಪು ತಿಳಿದವನೇ ಪ್ರಶ್ನೆಪತ್ರಿಕೆ ತೆಗೆದು, ಅವನೇ ಉತ್ತರ ಬರೆದು, ಅವನೇ ಅಂಕ ಹಾಕಿದ ಹಾಗೆ. ಕೊನೆಗೆ ಹಿಡಿದವರು ಅವರ ಕಚೇರಿಯಲ್ಲಿ ಲೆಕ್ಕ ಬರೆಯುವ ರೈಟರ್. ಪ್ರಿಂಟ್ ಹಾಕಿದ ಬಿಲ್ಲು ಕೈಗೆ ಬಂದ ಕೂಡಲೇ, ‘ಇದೇನು ಸಾರ್, ಅರ್ಧ ಮೂಟೆಗೆ ಬಿಲ್ ಹಾಕಿದ್ದೀರಾ?’ ಎಂದರು. ಅವರಿಗೆ ಕಂಪ್ಯೂಟರ್ ಬರುವುದಿಲ್ಲ, ಕಾಫಿ ಬರುತ್ತದೆ.

ಉಪಕರಣವನ್ನು ಬೈದು ಪ್ರಯೋಜನವಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಏಳು ಫೈಲಿನ ಬದಲಾವಣೆಯನ್ನು ಓದದೆ ಒಪ್ಪಿದವನು ನಾನು. ಅದೇ ಕೋಡನ್ನು ಸಾಲುಸಾಲಾಗಿ ಟ್ಯಾಬ್ ಒತ್ತುತ್ತ ಬರೆದಿದ್ದರೆ ‘ನೂರರಿಂದ ಭಾಗಿಸು’ ಎಂಬಲ್ಲಿ ಕೈ ತಾನಾಗಿ ನಿಲ್ಲುತ್ತಿತ್ತು.

ಆದ್ದರಿಂದ ಯಾವುದೇ ಉಪಕರಣ ಕೊಳ್ಳುವ ಮುಂಚೆ ಒಂದು ಪುಟ ಬರೆದಿಡಿ. ಈ ಉಪಕರಣಗಳೆಲ್ಲ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಒಂದು ಸೂಚನಾ ಫೈಲನ್ನು ಹುಡುಕಿ ಓದುತ್ತವೆ. ಕ್ಲಾಡ್ ಕೋಡ್‌ಗೆ ‘ಕ್ಲಾಡ್ ಡಾಟ್ ಎಂಡಿ’, ಬೇರೆ ಹಲವಕ್ಕೆ ‘ಏಜೆಂಟ್ಸ್ ಡಾಟ್ ಎಂಡಿ’. ಅದರಲ್ಲಿ ‘ಕೋಡ್ ಸ್ವಚ್ಛವಾಗಿರಲಿ’ ಎಂಬಂಥ ಉಪದೇಶ ಬೇಡ, ಅದು ಅವಕ್ಕೆ ಗೊತ್ತು. ಗೊತ್ತಿಲ್ಲದ್ದನ್ನು ಬರೆಯಿರಿ. ಓಟಿ ಎಂದರೆ 50 ಕೆಜಿಗೆ ಎಷ್ಟು ಕೆಜಿ, ಶೇಕಡಾವಾರು ಅಲ್ಲ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ಏಪ್ರಿಲ್‌ನಿಂದಲ್ಲ. ಕೊಯ್ಲಿನ ಕಾಲದಲ್ಲಿ ಕೂಲಿ ದಿನದ ಲೆಕ್ಕದಲ್ಲೂ ಇರಬಹುದು, ಹಣ್ಣಿನ ಕೆಜಿ ಲೆಕ್ಕದಲ್ಲೂ ಇರಬಹುದು, ಒಂದೇ ಆಳಿಗೆ ಒಂದೇ ವಾರದಲ್ಲಿ ಎರಡೂ ಇರಬಹುದು. ಕೊಟ್ಟ ಅಡ್ವಾನ್ಸ್ ಮುರಿದುಕೊಳ್ಳುವುದು ಯಾವಾಗ, ಎಷ್ಟು. ಇವನ್ನು ಕನ್ನಡದಲ್ಲೇ ಬರೆದರೂ ಅರ್ಥವಾಗುತ್ತದೆ. ಆದರೆ ಅದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ಟೋಕನ್ (ಮಾಡೆಲ್ ಓದುವ ಪದದ ತುಣುಕು) ಖರ್ಚಾಗುತ್ತದೆ, ಬಿಲ್ಲು ಟೋಕನ್ ಲೆಕ್ಕದಲ್ಲಿ ಬರುವಾಗ ಅದು ನೆನಪಿರಲಿ.

ಆ ಪುಟಕ್ಕೆ ಇನ್ನೊಂದು ನಿಯಮವನ್ನೂ ಸೇರಿಸಿ, ಇದು ಕನ್ನಡದಲ್ಲಿ ಆ್ಯಪ್ ಮಾಡುವವರ ಪಾಡು. ‘ಗಣೇಶ್‌ಕುಮಾರ್’ ಎಂದು ಬರೆಯುವಾಗ ಶ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅದಿಲ್ಲದಿದ್ದರೆ ಒತ್ತಕ್ಷರವಾಗಿ ‘ಗಣೇಶ್ಕುಮಾರ್’ ಆಗುತ್ತದೆ. ಕಂಪ್ಯೂಟರಿನ ಲೆಕ್ಕಕ್ಕೆ ಇವೆರಡೂ ಬೇರೆ ಬೇರೆ ಮನುಷ್ಯರು. ಕನ್ನಡ ಪದಗಳಿರುವ ಫೈಲನ್ನು ಏಜೆಂಟ್ ಪೂರ್ತಿ ಮರುಬರೆದಾಗ ಈ ಕಾಣದ ಅಕ್ಷರ ಅಲ್ಲಲ್ಲಿ ಉದುರಿಹೋಗಿದ್ದನ್ನು ನೋಡಿದ್ದೇನೆ. ಬದಲಾವಣೆ ಓದಿದರೂ ಕಾಣುವುದಿಲ್ಲ, ಹುಡುಕಾಟದಲ್ಲಿ ಆಳಿನ ಹೆಸರು ಸಿಗದಿದ್ದಾಗಲೇ ಗೊತ್ತಾಗುವುದು. ಕನ್ನಡ ಪದಗಳ ಫೈಲನ್ನು ಮುಟ್ಟಬೇಡ ಎಂದು ಬರೆದಿಡಿ, ಹೆಸರು ಹೋಲಿಸುವಾಗ ಆ ಅಕ್ಷರವನ್ನು ಬದಿಗಿಟ್ಟು ಹೋಲಿಸುವ ಒಂದು ಟೆಸ್ಟನ್ನು ನೀವೇ ಕೈಯಾರೆ ಬರೆಯಿರಿ.

ಇನ್ನು ಮಳೆಗಾಲ. ಕರೆಂಟನ್ನೂ ನೆಟ್ಟನ್ನೂ ನೀವು ಒಂದೇ ಗಂಟಿಗೆ ಕಟ್ಟಿದ್ದೀರಿ, ಬಿಚ್ಚಿ ನೋಡೋಣ.

ಕರೆಂಟ್ ಇದ್ದು ನೆಟ್ ಮಾತ್ರ ಹೋದರೆ ಲ್ಯಾಪ್‌ಟಾಪ್‌ನ ಮಾಡೆಲ್ ಉಪಯೋಗಕ್ಕೆ ಬರುತ್ತದೆ. ಮಾಡೆಲ್ ಓಡಿಸುವ ಒಲ್ಲಾಮಾ ಎಂಬ ಪ್ರೋಗ್ರಾಂ ಹಾಕಿಕೊಂಡು, ಕೋಡ್ ಬರೆಯುವ ಮಾಡೆಲ್ ಆದ ಕ್ವೆನ್ 2.5 ಕೋಡರ್‌ನ 700 ಕೋಟಿ ಪ್ಯಾರಾಮೀಟರಿನ ಮಾದರಿ ಇಳಿಸಿಕೊಂಡರೆ ಸುಮಾರು 4.7 ಜಿಬಿ. ಅದನ್ನು ಜೂನ್‌ಗೆ ಮೊದಲೇ ಇಳಿಸಿಡಿ, ಜುಲೈನಲ್ಲಿ ಕೂತು ಇಳಿಸುವ ಆಸೆ ಬೇಡ. 16 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ತೆವಳುತ್ತದೆ. ಸಾಲು ಪೂರ್ತಿಮಾಡುವ ಕೆಲಸಕ್ಕೆ ಅದರದೇ 150 ಕೋಟಿಯ ಸಣ್ಣ ಮಾದರಿ ವಾಸಿ. ಮರೆತ ಸಿಂಟ್ಯಾಕ್ಸ್ ಕೇಳಲು, ಒಂದು ಸಣ್ಣ ಫಂಕ್ಷನ್ ಬರೆಸಲು ಇಷ್ಟು ಸಾಕು. ಏಳು ಫೈಲು ಹುಡುಕಿ ಬಗ್ ಹಿಡಿಯುವ ಕೆಲಸ ಮಾತ್ರ ಅದರ ಕೈಯಲ್ಲಿ ಆಗುವುದಿಲ್ಲ.

ಕರೆಂಟೇ ಹೋದರೆ ಲೆಕ್ಕ ತಲೆಕೆಳಗು. ಮಾಡೆಲ್ ಓಡುವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ, ಬರೀ ಎಡಿಟರ್‌ನಲ್ಲಿ ಬರೆಯುತ್ತಿದ್ದರೆ ಐದು ಗಂಟೆ ಬರುವ ನನ್ನ ಬ್ಯಾಟರಿ ಒಂದೂವರೆ ಗಂಟೆಗೇ ಕೈಕೊಡುತ್ತದೆ. ಎರಡು ದಿನ ಕರೆಂಟ್ ಇಲ್ಲದಾಗ ಇನ್ವರ್ಟರಿನಲ್ಲಿ ಉಳಿದ ಚಾರ್ಜನ್ನು ಇದಕ್ಕೆ ಸುರಿಯುವವರಿಲ್ಲ, ಮನೆಯವರು ಬಿಡುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೂ ದೂರದ ಮಾಡೆಲ್ಲೇ ಅಗ್ಗ. ಹೋಗಿಬರುವುದು ಬರೀ ಅಕ್ಷರ, ಡೇಟಾ ಹೆಚ್ಚು ಬೇಕಿಲ್ಲ. ತೊಂದರೆ ಕೊಡುವುದು ಬಂದುಹೋಗುವ ಸಿಗ್ನಲ್. ಏಜೆಂಟ್ ಅರ್ಧ ಕೆಲಸ ಮಾಡಿರುವಾಗ ನೆಟ್ ಕಡಿದರೆ ಮೂರು ಫೈಲು ತಿದ್ದಿ ನಾಲ್ಕು ಬಿಟ್ಟಿರುತ್ತದೆ. ಶುರುಮಾಡುವ ಮುಂಚೆ ಗಿಟ್‌ನಲ್ಲಿ ಕಮಿಟ್ ಮಾಡಿಕೊಂಡಿದ್ದರೆ, ಅಂದರೆ ಕೋಡಿನ ಆಗಿನ ಸ್ಥಿತಿಯನ್ನು ದಾಖಲಿಸಿಟ್ಟಿದ್ದರೆ, ಒಂದೇ ಆಜ್ಞೆಗೆ ಹಿಂದೆ ಹೋಗಬಹುದು. ಏಡರ್ ಎಂಬ ಓಪನ್ ಸೋರ್ಸ್ ಉಪಕರಣ ತಾನು ಮಾಡಿದ ಪ್ರತಿ ಬದಲಾವಣೆಯನ್ನೂ ತಾನೇ ಕಮಿಟ್ ಮಾಡುತ್ತದೆ. ನೋಡಲು ಒರಟು, ಮಳೆಗಾಲಕ್ಕೆ ಹೇಳಿಮಾಡಿಸಿದ ಗುಣ.

ನಿಮ್ಮಂಥ ಊರಿಗೆ ನಿಜವಾಗಿ ಒಗ್ಗುವುದು, ನೀವು ಕೇಳದೇ ಇರುವ ಇನ್ನೊಂದು ಬಗೆ. ಕೋಪೈಲಟ್‌ನ ಕೋಡಿಂಗ್ ಏಜೆಂಟ್, ಓಪನ್‌ಎಐನ ಕೋಡೆಕ್ಸ್, ಗೂಗಲ್‌ನ ಜೂಲ್ಸ್ ಮೂರೂ 2025ರ ಮೇ ತಿಂಗಳಲ್ಲಿ ಹೊರಬಂದವು. ಇವು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವುದೇ ಇಲ್ಲ. ಗಿಟ್‌ಹಬ್‌ನಲ್ಲಿರುವ ನಿಮ್ಮ ಕೋಡನ್ನು ಅವರ ಸರ್ವರಿಗೆ ಎಳೆದುಕೊಂಡು, ಅಲ್ಲೇ ತಿದ್ದಿ, ಅಲ್ಲೇ ಟೆಸ್ಟ್ ಓಡಿಸಿ, ಪುಲ್ ರಿಕ್ವೆಸ್ಟ್ (ನೀವು ಓದಿ ಒಪ್ಪಬೇಕಾದ ಕೋರಿಕೆ) ಮಾಡಲು ಬದಲಾವಣೆ ಸಿದ್ಧಮಾಡಿ ಇಡುತ್ತವೆ. ಬೆಳಿಗ್ಗೆ ಕಾಲು ಗಂಟೆ ನೆಟ್ ಬಂದಾಗ ಕೆಲಸದ ವಿವರವನ್ನು ನಿಧಾನವಾಗಿ ಬರೆದು ಒಪ್ಪಿಸಿ. ಆಮೇಲೆ ಮರ ಬಿದ್ದು ಲೈನ್ ಹೋದರೂ ಅಲ್ಲಿ ಕೆಲಸ ನಡೆದಿರುತ್ತದೆ. ಸಂಜೆ ಸಿಗ್ನಲ್ ಸಿಕ್ಕಾಗ ಬದಲಾವಣೆ ಇಳಿಸಿಕೊಂಡು ರಾತ್ರಿ ಬ್ಯಾಟರಿಯಲ್ಲಿ ಓದಿ. ಇಲ್ಲೊಂದು ಅನಿರೀಕ್ಷಿತ ಲಾಭವೂ ಇದೆ. ಪಕ್ಕದಲ್ಲಿ ಕೂತು ಮಾತಾಡಿದಂತೆ ‘ಅದಲ್ಲ, ಹೀಗೆ’ ಎಂದು ತಿದ್ದುವ ಅವಕಾಶ ಕಡಿಮೆಯಾದ್ದರಿಂದ, ಏನು ಬೇಕು ಎಂದು ಮೊದಲೇ ಯೋಚಿಸಿ ಬರೆಯಲೇಬೇಕಾಗುತ್ತದೆ. ನನ್ನ ಅತ್ಯುತ್ತಮ ಕೆಲಸದ ವಿವರಗಳೆಲ್ಲ ಆಷಾಢದಲ್ಲಿ ಬರೆದವು.

ಗುಟ್ಟಿನ ವಿಷಯ ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. ಬೆಂಗಳೂರಿನ ಕಂಪನಿಯ ಕೋಡ್ ನಿಮ್ಮದಲ್ಲ. ಯಾವ ಉಪಕರಣಕ್ಕೆ ಅನುಮತಿ ಇದೆ ಎಂದು ಮೇಲ್ ಬರೆದು ಕೇಳಿ, ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ‘ಅಯ್ಯೋ ಬಳಸಿ ಬಿಡಿ’ ಅಂದದ್ದು ನಾಳೆ ಲೆಕ್ಕಕ್ಕೆ ಬರುವುದಿಲ್ಲ. ಅವರದೇ ಬಿಸಿನೆಸ್ ಖಾತೆಯಿದ್ದರೆ ಅದರಲ್ಲಿ ಒಂದು ಸೀಟು ಕೇಳಿ, ನಿಮಗೆ ಖರ್ಚೂ ಉಳಿಯಿತು. ಬಿಸಿನೆಸ್ ಖಾತೆಗೂ ವೈಯಕ್ತಿಕ ಖಾತೆಗೂ ಮುಖ್ಯ ವ್ಯತ್ಯಾಸ ಇಲ್ಲೇ. ವೈಯಕ್ತಿಕ ಮತ್ತು ಉಚಿತ ಖಾತೆಗಳಲ್ಲಿ ನಿಮ್ಮ ಕೋಡನ್ನು ಮಾಡೆಲ್ ತರಬೇತಿಗೆ ಬಳಸಬಹುದೇ ಎಂಬ ಸ್ವಿಚ್ಚು ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಎಷ್ಟೋ ಸಲ ಆನ್ ಆಗಿಯೇ ಇರುತ್ತದೆ. ಮೊದಲ ದಿನವೇ ಹೋಗಿ ಆಫ್ ಮಾಡಿ.

ನಿಮ್ಮದೇ ಆ್ಯಪ್‌ನಲ್ಲಿ ಕೋಡ್‌ಗಿಂತ ಡೇಟಾ ದೊಡ್ಡದು. ಚೆಕ್‌ರೋಲ್ ಅಂದಮೇಲೆ ಲೈನ್ ಮನೆಯಲ್ಲಿರುವ ಆಳುಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಯಾರಿಗೆ ಎಷ್ಟು ಸಾಲ ಎಲ್ಲವೂ ಅದರಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದು ಇಂಥದ್ದಕ್ಕೇ. ಟರ್ಮಿನಲ್ ಅನುಮತಿ ಕೊಟ್ಟ ಏಜೆಂಟ್ ಆ ಫೋಲ್ಡರಿನಲ್ಲಿ ಏನಿದ್ದರೂ ಓದಬಲ್ಲದು, ಪಾಸ್‌ವರ್ಡ್ ಇಟ್ಟ ಫೈಲನ್ನೂ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಕಂಪನಿಯ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಒಬ್ಬ ಉದ್ಯಮಿಯ ಅಸಲಿ ಡೇಟಾಬೇಸನ್ನೇ ಅಳಿಸಿಹಾಕಿ, ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ನಿಮ್ಮ ಮೂರೂ ಲ್ಯಾಪ್‌ಟಾಪ್‌ಗಳಲ್ಲಿ ಕಲ್ಪಿತ ಹೆಸರುಗಳ ಡೇಟಾಬೇಸ್ ಮಾತ್ರ ಇರಲಿ. ಅಸಲಿಯ ಪಾಸ್‌ವರ್ಡ್ ಏಜೆಂಟ್ ಓಡುವ ಯಂತ್ರದಲ್ಲಿ ಇರಲೇಕೂಡದು.

ಆಯ್ಕೆ ಹೇಗೆ? ಬೇರೆಯವರ ಹೊಗಳಿಕೆ ನಂಬಬೇಡಿ, ನನ್ನದೂ ಸೇರಿ. ನಿಮ್ಮ ಹಳೆಯ ಕೆಲಸಗಳಿಂದ ಮೂರನ್ನು ಆರಿಸಿ. ನಿಮ್ಮನ್ನು ಎರಡು ದಿನ ಕಾಡಿಸಿದ ಒಂದು ಬಗ್, ಹತ್ತು ಪರದೆಗಳಲ್ಲಿ ಒಂದೇ ಬದಲಾವಣೆ ಮಾಡುವಂಥ ಒಂದು ಬೇಸರದ ಕೆಲಸ, ಓಟಿಯಂಥ ಊರಿನ ಲೆಕ್ಕ ಬೇಕಾದ ಒಂದು. ಕೋಡನ್ನು ಆ ಕೆಲಸಕ್ಕೆ ಮುಂಚಿನ ಸ್ಥಿತಿಗೆ ಒಯ್ದು ಒಂದೊಂದೇ ಉಪಕರಣಕ್ಕೆ ಕೊಡಿ. ಎಚ್ಚರ, ಗಿಟ್ ಇತಿಹಾಸದಲ್ಲಿ ಆಮೇಲಿನ ಕಮಿಟ್‌ಗಳು ಉಳಿದಿದ್ದರೆ ಏಜೆಂಟ್ ಅಲ್ಲಿ ಇಣುಕಿ ನೀವೇ ಬರೆದ ಪರಿಹಾರವನ್ನು ನಕಲು ಹೊಡೆಯಬಹುದು. ಆಮೇಲಿನ ಇತಿಹಾಸ ಇಲ್ಲದ ಪ್ರತಿ ಮಾಡಿಕೊಳ್ಳಿ.

ಅಳೆಯಬೇಕಾದ್ದು ಕೋಡ್ ಬಂದ ವೇಗವನ್ನಲ್ಲ. ಕೇಳಿದ ಕ್ಷಣದಿಂದ, ಓದಿ ತಿದ್ದಿ ‘ಸರಿ, ಗ್ರಾಹಕರಿಗೆ ಕಳಿಸಬಹುದು’ ಎಂದು ನೀವು ಒಪ್ಪುವವರೆಗೆ ಹಿಡಿದ ಸಮಯ. ಅದನ್ನು ಗಡಿಯಾರ ನೋಡಿ ಬರೆದುಕೊಳ್ಳಿ, ಅಂದಾಜು ನಂಬಬೇಡಿ. ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ 16 ಮಂದಿ ಪಳಗಿದ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟುಗಳ 246 ಕೆಲಸ ಕೊಟ್ಟು ನೋಡಿತು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಮುಗಿದ ಮೇಲೆ ಅವರನ್ನು ಕೇಳಿದರೆ, ಶೇ 20ರಷ್ಟು ಬೇಗ ಆಯಿತು ಎಂದರು! ಆ ವರ್ಷದ ಮೊದಲ ಭಾಗದ ಉಪಕರಣಗಳ ಕಥೆ ಅದು, ಈಗಿನವು ಇನ್ನೂ ಚುರುಕು. ಆದರೆ ಬೇಗ ಆಯಿತು ಅನ್ನಿಸುವುದಕ್ಕೂ ಬೇಗ ಆಗುವುದಕ್ಕೂ ನಡುವಿನ ಅಂತರ ಉಪಕರಣದ್ದಲ್ಲ, ಮನುಷ್ಯರದ್ದು. ಅದು ಹಾಗೇ ಇದೆ.

ನಿಮ್ಮ ಮೂವರ ವಿಷಯಕ್ಕೆ ಬಂದರೆ, ಮೂವರಿಗೂ ಒಂದೇ ಕೊಡಬೇಡಿ. ಏಜೆಂಟ್ ನಿಮಗೊಬ್ಬರಿಗೆ ಸಾಕು. ಅದು ಕ್ಲಾಡ್ ಕೋಡೋ, ಕರ್ಸರೋ, ಕೋಪೈಲಟ್‌ನದೋ ಎಂಬುದನ್ನು ಮೇಲಿನ ಮೂರು ಕೆಲಸಗಳೇ ಹೇಳಲಿ. ಐದು ವರ್ಷದವರಿಗೆ ಎಡಿಟರ್ ಒಳಗಿನ ಸಲಹೆ ಮತ್ತು ಚಾಟ್. ಈಗಷ್ಟೇ ಬಂದ ಹುಡುಗಿಯ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ: ಮೊದಲ ಆರು ತಿಂಗಳು ಬೂದು ಅಕ್ಷರ ಆಫ್ ಇರಲಿ, ಚಾಟ್ ಮಾತ್ರ ಆನ್ ಇರಲಿ. ‘ಬರೆದುಕೊಡು’ ಅನ್ನುವುದರ ಬದಲು ‘ಇದು ಯಾಕೆ ಹೀಗಿದೆ’ ಎಂದು ನೂರು ಸಲ ಕೇಳಲಿ. ನಮ್ಮನ್ನು ಕೇಳಲು ಸಂಕೋಚಪಡುವ ಪ್ರಶ್ನೆಯನ್ನು ಎಐಯನ್ನು ಕೇಳಲು ಯಾರೂ ಸಂಕೋಚಪಡುವುದಿಲ್ಲ. ನಿಮ್ಮ ಏಜೆಂಟ್ ಬರೆದದ್ದನ್ನು ಮೊದಲು ಓದಿ ಪ್ರಶ್ನೆ ಹಾಕುವ ಕೆಲಸವನ್ನೂ ಅವಳಿಗೇ ಕೊಡಿ. ವಾರಕ್ಕೊಂದು ತಪ್ಪು ಹಿಡಿದರೂ ಅವಳ ಸಂಬಳ ಹುಟ್ಟಿತು. ಜೊತೆಗೆ ಒಂದು ವಾರ ಯಾವುದಾದರೂ ತೋಟದ ರೈಟರ್ ಪಕ್ಕ ಕೂರಿಸಿ, ಚೆಕ್‌ರೋಲ್ ಹೇಗೆ ಬರೆಯುತ್ತಾರೆಂದು ನೋಡಲಿ.

ದುಡ್ಡಿನ ಲೆಕ್ಕ. 2025ರ ಕೊನೆಯ ಹೊತ್ತಿಗೆ ಕೋಪೈಲಟ್‌ನ ವೈಯಕ್ತಿಕ ಚಂದಾ ತಿಂಗಳಿಗೆ 10 ಡಾಲರ್, ಕರ್ಸರ್ ಪ್ರೋ 20, ಕ್ಲಾಡ್ ಕೋಡ್ ಸೇರಿದ ಕ್ಲಾಡ್ ಪ್ರೋ 20 ಇತ್ತು. ಕೋಪೈಲಟ್‌ನ ಉಚಿತ ಖಾತೆಯಲ್ಲೂ ತಿಂಗಳಿಗೆ 2,000 ಸಲಹೆ ಸಿಗುತ್ತಿತ್ತು, ಪರೀಕ್ಷೆಗೆ ಅದು ಧಾರಾಳ. ವರ್ಷದ ಚಂದಾ ಕಟ್ಟಬೇಡಿ. ಒಂದೆರಡು ತಿಂಗಳ ದುಡ್ಡು ಉಳಿಯುತ್ತದೆ ನಿಜ, ಆದರೆ ಈ ವ್ಯಾಪಾರದಲ್ಲಿ ದರವೂ ಮಿತಿಯೂ ನಡುವೆಯೇ ಬದಲಾಗುತ್ತವೆ. ಕರ್ಸರ್ 2025ರ ಜೂನ್‌ನಲ್ಲಿ ತಿಂಗಳಿಗೆ ಇಷ್ಟು ಕೋರಿಕೆ ಎಂಬ ಲೆಕ್ಕ ಬಿಟ್ಟು ಬಳಸಿದಷ್ಟು ಹಣ ಎಂಬ ಲೆಕ್ಕಕ್ಕೆ ಬಂದಾಗ ಎಷ್ಟೋ ಮಂದಿಗೆ ನೆನೆಸದ ಬಿಲ್ಲು ಬಂತು. ಮರುತಿಂಗಳು ಕಂಪನಿಯೇ ಕ್ಷಮೆ ಕೇಳಿ ಹಣ ವಾಪಸು ಕೊಡುವುದಾಗಿ ಹೇಳಿತು. ತಿಂಗಳು ತಿಂಗಳು ಕಟ್ಟಿ, ಖಾತೆಯಲ್ಲಿ ಖರ್ಚಿನ ಮಿತಿ ಹಾಕುವ ಜಾಗ ಇದ್ದರೆ ಹಾಕಿಡಿ. ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆಫ್ ಇರುವ ಸಾಧ್ಯತೆ ಹೆಚ್ಚು, ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ. ಡಾಲರ್ ದರದ ಮೇಲೆ ಬ್ಯಾಂಕ್ ತನ್ನದೂ ಸ್ವಲ್ಪ ಸೇರಿಸುತ್ತದೆ. ಖಾತೆ ತೆರೆಯುವಾಗಲೇ ಕಚೇರಿಯ ಜಿಎಸ್‌ಟಿ ನಂಬರ್ ಕೊಟ್ಟುಬಿಡಿ, ಮಾರ್ಚ್ ತಿಂಗಳಲ್ಲಿ ಆಡಿಟರ್ ಕೇಳಿದಾಗ ಹಳೆಯ ಬಿಲ್ಲುಗಳನ್ನು ಒಂದೊಂದಾಗಿ ತಿದ್ದಿಸುವುದು ಕಷ್ಟ.